ನೂರ ಎಂಬತ್ತಾರನೇ ಹಾಡಿನ ಎಲೆಗಳು

ಆರ್ಡಿಸ್ ಕಿಂಬಲ್ ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಸೂಪು ಬಡಿಸಿದವಳು. ನಿವೃತ್ತಿಯಾದ ಮೇಲೂ ಯಾರಿಗಾದರೂ ಏನಾದರೂ ಬಡಿಸದಿದ್ದರೆ ಅವಳ ಕೈಗೆ ಸಮಾಧಾನವಿರಲಿಲ್ಲ. ವರ್ಮಾಂಟಿನ ಅವಳ ಪುಟ್ಟ ಊರಿನಲ್ಲಿ, ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಒಂಟಿಯಾಗಿ ಉಣ್ಣಬೇಕಾದವರಿಗೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಅಲ್ಲಿ ಪ್ರತಿ ತಟ್ಟೆಯ ಪಕ್ಕದಲ್ಲೂ ಅವಳ ಕೈಯ ಒಂದು ಉಡುಗೊರೆ ಇರುತ್ತಿತ್ತು. ಅಂಗೈಯಗಲದ ರಟ್ಟು. ಅದರ ಮೇಲೆ ಬರ್ಚ್ ಮರದ ತೊಗಟೆಯ ಚೂರು, ಹಳೇ ಹಿಟ್ಟಿನ ಚೀಲದ ಬಟ್ಟೆ, ಚಹಾದಲ್ಲಿ ಅದ್ದಿ ಒಣಗಿಸಿದ ಕಾಗದ, ನಾಲ್ಕು ಹೊಲಿಗೆ, ಒಂದು ಬೊಟ್ಟು ಬಣ್ಣ, ನಡುವೆ ಒತ್ತಿ ಒಣಗಿಸಿದ ಒಂದು ಮೇಪಲ್ ಎಲೆ. ಹಿಂದುಗಡೆ ಉಣ್ಣುವವರ ಹೆಸರು. ನಲವತ್ತನಾಲ್ಕು ತಟ್ಟೆಗೆ ನಲವತ್ತನಾಲ್ಕು ರಟ್ಟು. ಕೆಲವರಿಗೆ ಇಡೀ ವರ್ಷದಲ್ಲಿ ತಮ್ಮ ಹೆಸರು ಬರೆದ ವಸ್ತು ಸಿಗುತ್ತಿದ್ದುದು ಅದೊಂದೇ.

ಎಲೆ ಒತ್ತಲು ದಪ್ಪ ಪುಸ್ತಕ ಬೇಕು. ಫೋನ್ ಡೈರೆಕ್ಟರಿ ಬರುತ್ತಿದ್ದ ಕಾಲದಲ್ಲಿ ಆ ಚಿಂತೆ ಇರಲಿಲ್ಲ. ಅದು ನಿಂತುಹೋದಾಗ ಆರ್ಡಿಸ್‌ಗೆ ಕೈಕಾಲೇ ಆಡಲಿಲ್ಲ. ಆಗ ಹೊಳೆದದ್ದು ಚರ್ಚಿನ ಹಾಡಿನ ಪುಸ್ತಕಗಳು. ಬೆಂಚುಗಳ ಹಿಂದೆ ಸಾಲಾಗಿ ಅರವತ್ತು, ಒಂದೊಂದೂ ಇಟ್ಟಿಗೆಯಷ್ಟು ಭಾರ. ನೂರ ಎಂಬತ್ತಾರನೆಯದು ಈಸ್ಟರ್ ಹಾಡು. ವಸಂತ ಬರುವವರೆಗೆ ಆ ಪುಟವನ್ನು ಯಾರು ತೆಗೆದಾರು? ಚರ್ಚಿನ ಅಡುಗೆಮನೆಯ ಬೀಗದ ಕೈ ಅವಳ ಬಳಿಯೇ ಇತ್ತು. ಅಕ್ಟೋಬರ್ ಮೊದಲ ವಾರ ಹೋಗಿ ಅರವತ್ತು ಪುಸ್ತಕಗಳಲ್ಲೂ ಅದೇ ಪುಟಕ್ಕೆ ಒಂದೊಂದು ಎಲೆ ಇಟ್ಟಳು. ನವೆಂಬರ್ ಬರುತ್ತಲೇ ತೆಗೆದುಕೊಂಡು ಬಂದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಮೊದಲ ವರ್ಷವೇ ಒಂದು ಪುಸ್ತಕಕ್ಕೆ ಕೆಂಪು ಕಲೆಯಾಯಿತು. ಅದನ್ನು ಕಂಡವನು ಮರ್ಟನ್. ಚರ್ಚಿನ ಗಂಟೆ ಬಾರಿಸುವವನು, ಒಲೆ ಹೊತ್ತಿಸುವವನು, ಅಂದಂದಿನ ಹಾಡಿನ ಸಂಖ್ಯೆಗಳನ್ನು ಗೋಡೆಯ ಹಲಗೆಗೆ ಸಿಕ್ಕಿಸುವವನು ಅವನೇ. ಬಾಯಿ ಮಾತ್ರ ಬೊಂಬಾಯಿ.

"ಇದ್ಯಾರ ಕೆಲ್ಸ ಅಂತ ಗೊತ್ತಾಗ್ಲಿ, ಇದೇ ಪುಸ್ತಕ ಅವ್ರ ತಲೆ ಮೇಲೆ ಕುಟ್ತೀನಿ!" ಎಂದು ಎಲ್ಲರೆದುರಿಗೆ ಕೂಗಾಡಿದ. ಆರ್ಡಿಸ್ ತನ್ನ ಬೂಟನ್ನೇ ನೋಡುತ್ತ ಕೂತಳು. ಮರುವರ್ಷದಿಂದ ಎಲೆಯ ಎರಡೂ ಬದಿಗೆ ಮೇಣದ ಕಾಗದ ಇಟ್ಟಳು. ಆಮೇಲೆ ಕಲೆಯೂ ಇಲ್ಲ, ಕೂಗಾಟವೂ ಇಲ್ಲ. ಆದರೆ ಪ್ರತಿ ಶರತ್ಕಾಲ ದಾರಿಯಲ್ಲಿ ಸಿಕ್ಕಾಗ ಮರ್ಟನ್ ಕೆಣಕದೆ ಬಿಡುತ್ತಿರಲಿಲ್ಲ.

"ಏನ್ ಆರ್ಡಿಸ್, ಈ ಸಲ ಯಾವ ಮರ ಬೋಳಿಸ್ದೆ?"

"ನಿನ್ನ ತಲೆ ಬಿಟ್ಟು ಎಲ್ಲಾನೂ. ಅಲ್ಲಿ ಬೋಳ್ಸೋಕೆ ಏನಿದೆ?"

ಹೀಗೇ ಎಂಟು ವರ್ಷ ನಡೆಯಿತು. ಒಂಬತ್ತನೆಯ ವರ್ಷ, ಅಕ್ಟೋಬರ್ ಕೊನೆಯ ವಾರದಲ್ಲಿ, ಹೃದಯದ ಕಾಯಿಲೆಯಿದ್ದ ಮರ್ಟನ್ ಬೆಳಗಿನ ಕಾಫಿ ಕುಡಿಯುತ್ತ ಕೂತಲ್ಲೇ ಹೋಗಿಬಿಟ್ಟ.

ಆರ್ಡಿಸ್‌ಗೆ ದುಃಖವಾಯಿತು. ಎಲೆಗಳು ಇನ್ನೂ ಪುಸ್ತಕಗಳಲ್ಲೇ ಇದ್ದರೂ ಭಯವೇನೂ ಆಗಲಿಲ್ಲ. ಆ ಊರಿನಲ್ಲಿ ಸಾವಿಗೆ ಹಾಡುವ ಹಾಡುಗಳು ಮೂರೇ, ಮೂರೂ ಪುಸ್ತಕದ ಕೊನೆಯಲ್ಲಿವೆ. ಅಂತ್ಯಕ್ರಿಯೆಯ ದಿನ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ತಲೆಯೆತ್ತಿ ಹಲಗೆ ನೋಡಿದಳು. ಅಲ್ಲಿ ಒಂದೇ ಸಂಖ್ಯೆ ಇತ್ತು: ೧೮೬.

ಎಲೆಗಳಿದ್ದ ಅದೇ ಪುಟ. ಓಡಿಹೋಗಿ ಅರವತ್ತು ಪುಸ್ತಕಗಳನ್ನೂ ಬಾಚಿಕೊಳ್ಳೋಣವೆಂದರೆ ಜನ ಆಗಲೇ ತುಂಬಿದ್ದರು. ಸತ್ತವನ ಪೆಟ್ಟಿಗೆ ಎದುರಿಗೇ ಇತ್ತು. ಅವನ ಹೆಂಡತಿ ವಿನ್ನಿ ಮುಂದಿನ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದಳು. ಇನ್ನು ತನ್ನ ಮಾನ ಹೋಯಿತು, ಇವರ ದುಃಖದ ದಿನವೂ ಹಾಳಾಯಿತು, ಹಬ್ಬದ ಮೇಜೂ ಬರಿದಾಯಿತು ಎಂದು ಆರ್ಡಿಸ್ ಕಣ್ಣು ಮುಚ್ಚಿಕೊಂಡಳು.

ಆರ್ಗನ್ ನುಡಿಯಿತು. ಜನ ಎದ್ದು ನಿಂತು ಪುಸ್ತಕ ತೆರೆದರು. ಮೇಣದ ಕಾಗದದ ಸರಸರ ಸದ್ದು ಚರ್ಚಿನ ತುಂಬ ಹರಡಿತು. ಹಾಡು ಮಾತ್ರ ಏಳಲಿಲ್ಲ. ಆರ್ಗನ್ ಕೂಡ ನಿಂತಿತು.

ಆರ್ಡಿಸ್ ಕಣ್ಣು ಬಿಟ್ಟಳು. ಚರ್ಚಿನ ತುಂಬ ಜನ, ಎಲ್ಲರ ಕೈಯಲ್ಲೂ ಎಲೆ. ಕಡುಗೆಂಪು, ಅರಿಶಿನ, ಕಿತ್ತಳೆ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ನರನರವೂ ಹೊಳೆಯುತ್ತಿತ್ತು. ಎಂಟು ವರ್ಷ ತಾನೇ ಒಂದೊಂದಾಗಿ ಇಟ್ಟು, ಒಂದೊಂದಾಗಿ ತೆಗೆದವಳು ಅವಳು. ಎಲ್ಲವನ್ನೂ ಒಟ್ಟಿಗೆ ಕಂಡದ್ದು ಅದೇ ಮೊದಲು. ಅಬ್ಬಾ, ಇಷ್ಟು ಚೆಂದವಿತ್ತೇ ಎಂದುಕೊಂಡಳು. ಕಳ್ಳತನ ಸಿಕ್ಕಿಬಿದ್ದದ್ದೇ ಅವಳಿಗೆ ಮರೆತುಹೋಯಿತು.

ಜನ ಒಬ್ಬೊಬ್ಬರಾಗಿ ಅವಳತ್ತ ತಿರುಗಿದರು. ಎಲೆಯನ್ನು ಬಣ್ಣ ಕೆಡದಂತೆ ಹಾಗೆ ಒಣಗಿಸುವವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಆಮೇಲೆ ವಿನ್ನಿ ತಾನೇ ಹಾಡು ಎತ್ತಿಕೊಂಡಳು. ಉಳಿದವರು ಎಲೆ ಹಿಡಿದೇ ಹಾಡಿದರು. ಹಾಡು ಮುಗಿದಾಗ ವಿನ್ನಿ ಹೋಗಿ ತನ್ನ ಎಲೆಯನ್ನು ಪೆಟ್ಟಿಗೆಯ ಮೇಲಿಟ್ಟಳು. ಅವಳ ಹಿಂದೆ ಎಲ್ಲರೂ ಇಟ್ಟರು, ಕೊನೆಗೆ ಆರ್ಡಿಸ್ ಕೂಡ. ಕಂದು ಮರದ ಪೆಟ್ಟಿಗೆ ಎಲೆಯಡಿ ಕಾಣದಾಯಿತು.

ಊರಿನ ಮರಗಳೆಲ್ಲ ಅಷ್ಟರಲ್ಲಿ ಬರಿದಾಗಿದ್ದವು. ಈ ವರ್ಷ ಉಡುಗೊರೆಯಿಲ್ಲ ಎಂದುಕೊಂಡೇ ಆರ್ಡಿಸ್ ಬೆಂಚುಗಳಲ್ಲಿ ಬಿದ್ದಿದ್ದ ಮೇಣದ ಕಾಗದ ಆರಿಸತೊಡಗಿದಳು. ಒಂದನ್ನು ಬೆಳಕಿಗೆ ಹಿಡಿದವಳು ಹಾಗೇ ನಿಂತಳು. ಎಲೆ ಹೋಗಿತ್ತು. ಅದರ ಗುರುತು ಮಾತ್ರ ಕಾಗದದಲ್ಲಿ ಉಳಿದಿತ್ತು, ತೆಳುವಾಗಿ, ತೊಟ್ಟಿನವರೆಗೂ.

ಹಬ್ಬದ ದಿನ ಮೇಜಿನ ಮೇಲೆ ನಲವತ್ತನಾಲ್ಕು ರಟ್ಟುಗಳಿದ್ದವು. ಈ ಸಲ ಪ್ರತಿ ರಟ್ಟಿನ ನಡುವೆ ಒಂದು ಕಿಂಡಿ, ಕಿಂಡಿಗೆ ಮೇಣದ ಕಾಗದ. ಮೇಣದಬತ್ತಿಯ ಮುಂದೆ ಹಿಡಿದರೆ ಎಲೆ ಮೂಡುತ್ತಿತ್ತು. ಟರ್ಕಿ ಕೋಳಿ ತಣ್ಣಗಾಗುತ್ತಿದ್ದರೂ ಯಾರೂ ಚಾಕು ಮುಟ್ಟಲಿಲ್ಲ, ಎಲ್ಲರೂ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು.

ಆರ್ಡಿಸ್ ವಿನ್ನಿಯ ಪಕ್ಕ ಕೂತು ಮೆಲ್ಲಗೆ, "ಆವತ್ತು ನಿಮ್ಮ ದುಃಖದ ದಿನ ಹಾಳ್ಮಾಡ್ದೆ. ಕ್ಷಮಿಸ್ಬೇಕು" ಎಂದಳು.

ವಿನ್ನಿ ಕೈಚೀಲದಿಂದ ಮಡಿಸಿದ ಚೀಟಿಯೊಂದನ್ನು ತೆಗೆದಳು. "ಎಂಟು ವರ್ಷದಿಂದ ಗೊತ್ತಿತ್ತು ಕಣೇ ಅವನಿಗೆ. ಪ್ರತಿ ಅಕ್ಟೋಬರ್‌ನಲ್ಲಿ ನನ್ನ ಕರ್ಕೊಂಡ್ ಹೋಗಿ ಒಂದೊಂದೇ ಪುಸ್ತಕ ತೆಗ್ದು ತೋರಿಸ್ತಿದ್ದ. ಬಾಯಿ ಬಿಡ್ಬೇಡ, ಗೊತ್ತಾದ್ರೆ ಅವ್ಳು ನಿಲ್ಲಿಸ್ಬಿಡ್ತಾಳೆ ಅಂತಿದ್ದ. ತಗೋ, ಓದು."

ಮರ್ಟನ್‌ನ ಸೊಟ್ಟ ಅಕ್ಷರ: "ನನ್ನ ಸಾವಿಗೆ ೧೮೬ನೇ ಹಾಡು. ಅಕ್ಟೋಬರ್‌ನಲ್ಲಿ ಸತ್ತರೆ ಮಾತ್ರ. ಬೇರೆ ಯಾವಾಗ ಸತ್ತರೂ ಪಾದ್ರಿಗೆ ಇಷ್ಟ ಬಂದದ್ದು ಹಾಡಿಕೊಳ್ಳಲಿ."

ಆರ್ಡಿಸ್ ಅದನ್ನು ಎರಡು ಸಲ ಓದಿದಳು. "ಮುಠ್ಠಾಳ," ಎಂದಳು, ಚೀಟಿಯನ್ನು ಮೊದಲಿನಂತೆ ಮಡಿಸುತ್ತ. "ಕೇಳಿದ್ರೆ ನಾನೇ ತೋರಿಸ್ತಿದ್ದೆ."