ಬಾಳೆನಾರಿನ ಗೂಡು

ಏಣಿ ಹತ್ತುವಾಗ ಟೀಚರ್ ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಏಣಿಗೆ, ಇನ್ನೊಂದು ಕೈಯಲ್ಲಿ ಕೋಲಿನ ತುದಿಗೆ ಕಟ್ಟಿದ ಪುಟ್ಟ ಕನ್ನಡಿ. ಅವರ ಪೆನ್ಸಿಲುಗಳಿಗೆಲ್ಲ ಹಲ್ಲಿನ ಗುರುತು. ಕೆಳಗೆ ಏಣಿ ಹಿಡಿದು ನಿಂತವರು ನೀವಿಬ್ಬರು, ಮಕ್ಕಳೇ. ನಾನು ಜಗಲಿಯಲ್ಲಿ ಬಾಳೆನಾರಿನಿಂದ ಮಲ್ಲಿಗೆ ಕಟ್ಟುತ್ತಾ ಬೇಲಿಯಾಚೆಗೆ ನೋಡುತ್ತಿದ್ದೆ.

ಅವರು ಕಾರ್ಕಳದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ, ನಿವೃತ್ತಿಯಾದ ಮೇಲೆ ಶಂಕರಪುರಕ್ಕೆ, ನಮ್ಮ ಪಕ್ಕದ ಮನೆಗೆ ಬಂದವರು. ಸಂಬಳವಿಲ್ಲದ ಒಂದು ಕೆಲಸ ಹಚ್ಚಿಕೊಂಡಿದ್ದರು. ಕಾಪುವಿನಿಂದ ಕಾರ್ಕಳದವರೆಗೆ ಪರಿಚಯದವರ ಮನೆಗಳಲ್ಲಿ ಮರದ ಪೆಟ್ಟಿಗೆ ಕಟ್ಟಿಸಿ, ಹಕ್ಕಿ ಬಂತೋ, ಮೊಟ್ಟೆ ಎಷ್ಟು, ಮರಿ ಹಾರಿದ್ದು ಯಾವಾಗ ಎಂದು ಪ್ರತಿ ವಾರ ಪುಸ್ತಕದಲ್ಲಿ ಬರೆಯುವುದು. ಮಣಿಪಾಲದಲ್ಲಿ ಹಕ್ಕಿಗಳ ಅಧ್ಯಯನ ಮಾಡುವವರಿಗೆ ಅದನ್ನು ಕಳಿಸುವುದು. ಚಳಿಗಾಲದಲ್ಲಿ ಬಯಲಿನ ಮೇಲೆ ರೆಕ್ಕೆ ಬಡಿಯುತ್ತಾ ನಿಂತಲ್ಲೇ ನಿಲ್ಲುವ ಚಾಣ ಹಕ್ಕಿ ಬೇರೆ ದೇಶಗಳಲ್ಲಿ ಇಂಥ ಪೆಟ್ಟಿಗೆಯಲ್ಲೇ ಮರಿ ಮಾಡುತ್ತದಂತೆ. “ನಮ್ಮಲ್ಲಿಗೆ ಅದು ನೆಂಟರ ಹಾಗೆ ಬಂದು ಹೋಗುವುದು ಅಕ್ಕ. ಮನೆಯವರ ಹಾಗೆ ಇರುವುದು ಮಡಿವಾಳ ಹಕ್ಕಿ. ನಮಗೆ ಅದೇ ಸಾಕು” ಎನ್ನುತ್ತಿದ್ದರು. ಆ ಕಪ್ಪು ಬಿಳಿ ಹಕ್ಕಿ ಅವರ ಅಂಗಳದ ಮೂರು ಪೆಟ್ಟಿಗೆಗಳಲ್ಲೂ ಸಂಸಾರ ಹೂಡಿತ್ತು. ನಮ್ಮ ಹಲಸಿನ ಮರಕ್ಕೂ ಒಂದು ಪೆಟ್ಟಿಗೆ ಕಟ್ಟಿಕೊಟ್ಟಿದ್ದರು. ಎರಡು ವರ್ಷ ಅದರೊಳಗೆ ಇರುವೆ ಬಿಟ್ಟರೆ ಬೇರೆ ಜೀವ ಬರಲಿಲ್ಲ.

ಭಾನುವಾರ ನೀವು ಪರ್ಕಳದಿಂದ ಬಸ್ಸಿನಲ್ಲಿ ಬರುತ್ತಿದ್ದಿರಿ. ಚಪ್ಪಲಿ ಬಿಡುವ ಮೊದಲೇ, “ಅಜ್ಜಿ, ನಿಮ್ಮ ಪೆಟ್ಟಿಗೆಯಲ್ಲಿ ಎಂತ ಉಂಟು?”

“ಎಂತದೂ ಇಲ್ಲ ಮಕ್ಕಳೇ. ಕಡುಬು ಉಂಟು, ಬನ್ನಿ.”

ಎರಡನೆಯ ಮಾತು ಕೇಳಲು ನೀವು ಅಲ್ಲಿ ಇರುತ್ತಿರಲಿಲ್ಲ. ಕಡುಬು ತಣಿಯುತ್ತಿತ್ತು. ಬೇಲಿಯಾಚೆ ನಿಮ್ಮ ನಗು ಕೇಳುತ್ತಿತ್ತು. ಏಳನೇ ಕ್ಲಾಸು ಓದಿದ ಅಜ್ಜಿಗೆ ಹಕ್ಕಿಯ ಸಂಗತಿ ಏನು ಗೊತ್ತು? ನನ್ನ ಮೊಮ್ಮಕ್ಕಳನ್ನು ಹೊಟ್ಟೆಕಿಚ್ಚಿಲ್ಲದೆ ಅವರಿಗೆ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನ್ನದಾಗಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ, ಟೀಚರ್ ಉಡುಪಿಗೆ ಹೋಗಿದ್ದಾಗ, ನಾನು ಏಣಿ ಹತ್ತಿದೆ. ಒಣಹುಲ್ಲು, ತೆಂಗಿನ ನಾರು, ಕೋಳಿಯ ಎರಡು ಗರಿ, ಎಲ್ಲವನ್ನೂ ಬಟ್ಟಲಿನ ಹಾಗೆ ಮಾಡಿ ಪೆಟ್ಟಿಗೆಯೊಳಗೆ ಕೂರಿಸಿದೆ. ಬಿಚ್ಚಿಕೊಳ್ಳಬಾರದೆಂದು ಬಾಳೆನಾರಿನಿಂದ ಅಲ್ಲಲ್ಲಿ ಬಿಗಿದೆ.

ಮರುದಿನ ನೀವು ಕೇಳಿದಾಗ, “ಹೋಗಿ, ಟೀಚರನ್ನು ಕರೆಯಿರಿ” ಎಂದೆ. ಅವರು ಬಂದರು, ಹತ್ತಿದರು, ಕನ್ನಡಿ ಒಳಗಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಇಳಿದು, ಬಾಯಿಂದ ಪೆನ್ಸಿಲ್ ತೆಗೆದರು. ಏನೂ ಬರೆಯಲಿಲ್ಲ.

“ಟೀಚರ್, ಗೂಡು ಉಂಟಾ?”

“ಗೂಡು ಉಂಟು. ಮೊಟ್ಟೆ ಇಲ್ಲ. ಇವತ್ತು ನೀವು ನಮ್ಮಲ್ಲಿಗೆ ಬರುವುದು ಬೇಡ. ಅಜ್ಜಿಯ ಹತ್ತಿರ ಕೂತು ಹಕ್ಕಿ ಬರುತ್ತದಾ ನೋಡಿ.”

ನೀವು ಸಂಜೆಯವರೆಗೆ ನನ್ನ ಎಡಬಲದಲ್ಲಿ ಕೂತಿರಿ. ಬಿಸಿ ಕಡುಬು ತಿಂದಿರಿ. ಟೀಚರ್ ಇರುವವರೆಗೆ ಅಂಥ ಭಾನುವಾರ ನನಗೆ ಮತ್ತೆ ಸಿಗಲಿಲ್ಲ. ಅವತ್ತೂ ನೆಮ್ಮದಿಯಿಂದ ಇರಲು ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಅವರೊಬ್ಬರೇ ಬಂದರು. ಪುಸ್ತಕ ಬಿಡಿಸಿ ನನ್ನ ಮುಂದೆ ಇಟ್ಟರು. ನಮ್ಮ ಪೆಟ್ಟಿಗೆಯ ಸಾಲು ಖಾಲಿ ಇತ್ತು.

“ಇಲ್ಲಿ ಎಂತ ಬರೆಯುವುದು ಅಕ್ಕ? ನೀವೇ ಹೇಳಿ.”

ನಾನು ಮಲ್ಲಿಗೆ ಕಟ್ಟುತ್ತಲೇ ಇದ್ದೆ.

“ಹಕ್ಕಿಗೆ ಮಲ್ಲಿಗೆ ಕಟ್ಟುವ ಗಂಟು ಹಾಕಲಿಕ್ಕೆ ಬರುವುದಿಲ್ಲ ಮಾರಾಯ್ರೆ” ಎಂದು ಮೆಲ್ಲಗೆ ನಕ್ಕರು. ನಾನು ಅತ್ತೆ. ಅವರು ಹತ್ತಿರ ಸರಿದು ಕೂತರು. “ಖಾಲಿ ಅಂತ ಬರೆಯಲಿಕ್ಕೆ ಎಂತ ನಾಚಿಕೆ? ನನ್ನ ಪೆಟ್ಟಿಗೆಗೆ ಹಕ್ಕಿ ಯಾಕೆ ಬಂತು ಅಂತ ಗೊತ್ತಾಗಬೇಕಾದರೆ ನಿಮ್ಮದಕ್ಕೆ ಯಾಕೆ ಬರಲಿಲ್ಲ ಅಂತಲೂ ಗೊತ್ತಾಗಬೇಕಲ್ವಾ? ಸುಳ್ಳು ಗೂಡಿಗಿಂತ ನಿಜವಾದ ಖಾಲಿ ಮೇಲು.” ಹಲ್ಲಿನ ಗುರುತಿನ ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು. ನಾನು ಬರೆದೆ. ನಿಮಗೆ ಅವರು ಎಂದೂ ಹೇಳಲಿಲ್ಲ. “ಹೇಳುವುದಾದರೆ ಅಜ್ಜಿಯೇ ಹೇಳಲಿ” ಎಂದು ಅವರು ಸುಮ್ಮನಿದ್ದಿರಬೇಕು.

ಅಲ್ಲಿಗೆ ನನ್ನ ಹೊಟ್ಟೆಕಿಚ್ಚು ಹೋಯಿತು ಎಂದರೆ ಅದೂ ಸುಳ್ಳೇ. ಕಳೆದ ವರ್ಷ ಅವರು ತೀರಿಕೊಂಡಾಗ ನೀವಿಬ್ಬರೂ ಬಿಕ್ಕಿ ಬಿಕ್ಕಿ ಅತ್ತಿರಿ. ನನಗೂ ದುಃಖವಿತ್ತು. ಆದರೂ, ನಾನು ಹೋದ ದಿನ ಇವರು ಇಷ್ಟು ಅಳುತ್ತಾರೆಯೇ ಎಂದು ಒಳಗೊಳಗೆ ಎಣಿಸಿದೆ. ಹದಿಮೂರು ದಿನ ಕಳೆದ ಮೇಲೆ ಅವರ ತಮ್ಮ ಬಂದು ಪುಸ್ತಕ ಕೊಟ್ಟರು. “ಇದು ನಿಮಗೇ ಸೇರಬೇಕು ಅಂತ ಅಕ್ಕ ಹೇಳಿದ್ದರು.”

ನಮ್ಮ ಪೆಟ್ಟಿಗೆ ಇನ್ನೂ ಖಾಲಿ. ಪ್ರತಿ ಭಾನುವಾರ ನಾನು ಹತ್ತುವ ಏಣಿ ಹಿಡಿಯಲು, ಪುಸ್ತಕದಲ್ಲಿ ಬರೆಯಲು ಈಗ ನೀವು ನಮ್ಮ ಅಂಗಳಕ್ಕೆ ಬರುತ್ತೀರಿ. ಅವರ ಕೆಲಸವೇ ನಿಮ್ಮನ್ನು ನನ್ನ ಬಳಿ ಕರೆತಂದಿತು. ಮೊನ್ನೆ ನೀವು ಹಳೆಯ ಪುಟ ತಿರುವುತ್ತಾ, ಟೀಚರ ಮುದ್ದಾದ ಅಕ್ಷರಗಳ ನಡುವೆ ಒಂದು ಕಡೆ ಮಾತ್ರ ಸೊಟ್ಟಗೆ ‘ಖಾಲಿ’ ಎಂದು ಬರೆದವರು ಯಾರು ಎಂದು ಕೇಳಿದಿರಿ. ನಾನು ಅಡುಗೆಮನೆಗೆ ಎದ್ದು ಹೋದೆ.

ಅದು ನನ್ನ ಅಕ್ಷರ, ಮಕ್ಕಳೇ.