ಬಿದ್ದ ಗೋಡೆಗೆ ಬರೆದ ಪರದೆ

2022ರ ಹೊತ್ತಿಗೆ ಬೈಲಹೊಂಗಲದಲ್ಲಿ ನಾಟಕದ ಪರದೆ ಬರೆಯುತ್ತ ನಾನು ಮೂವತ್ತು ವರ್ಷ ಕಳೆದಿದ್ದೆ. ಅರಮನೆ, ಅಡವಿ, ಬೀದಿ, ಜೈಲು ಏನೇ ಇರಲಿ, ಸುತ್ತಲಿನ ಊರುಗಳ ನಾಟಕಕ್ಕೆಲ್ಲ ನನ್ನವೇ ಪರದೆ. ಅದರ ಜಂಬವೂ ನನಗೆ ಕಡಿಮೆ ಇರಲಿಲ್ಲ.

ಆ ಬೇಸಿಗೆಯಲ್ಲಿ ಸಂಪಗಾಂವ ಕಡೆಯ ಒಂದು ಹಳ್ಳಿಯಿಂದ ನಿವೃತ್ತ ಕಂಡಕ್ಟರ್ ದಾವೀದಪ್ಪ ಬಂದರು. ಅವರ ಹಳೆಯ ಚರ್ಚಿನ ಹಿಂಬದಿಯ ಗೋಡೆ ಹೋದ ವರ್ಷದ ಮಳೆಗೆ ಕುಸಿದಿತ್ತು. ಮಗಳು ರೂತಳ ಮದುವೆ ಅಲ್ಲೇ ಆಗಬೇಕಿತ್ತು. ಅವಳ ಅಜ್ಜಿ, ತಾಯಿ ಇಬ್ಬರ ಮದುವೆಯೂ ಅಲ್ಲೇ ಆಗಿತ್ತು.

“ಗ್ವಾಡಿ ಕಟ್ಟಾಕ ಈಗ ಆಗೂದಿಲ್ರಿ ಮಾಸ್ತರ. ಒಂದು ಪರದೆ ಮ್ಯಾಲೆ ಚಲೋ ಗ್ವಾಡಿ ಬರದು ಕೊಡ್ರಿ, ನಡುವ ಶಿಲುಬಿ ಇರ್ಲಿ” ಎಂದರು.

ಅಳತೆಗೆ ಹೋದೆ. ಹದಿನಾರು ಅಡಿ ಅಗಲ, ಹತ್ತು ಅಡಿ ಎತ್ತರ. ಬಿದ್ದ ಗೋಡೆಯ ಒಡೆದ ಕಮಾನಿನಾಚೆ ಬೇವಿನ ಮರ, ಕಲ್ಲಿನ ಸಂದಿಯಲ್ಲಿ ಹುಲ್ಲು, ಸಂಜೆಯ ಬಿಸಿಲು. ಧಾರವಾಡದಲ್ಲಿ ಚಿತ್ರಕಲೆ ಕಲಿಯುವಾಗ ನಮ್ಮ ಗುರುಗಳು ವಿದೇಶದ ಪಾಳು ಚರ್ಚುಗಳ ಚಿತ್ರ ತೋರಿಸಿ, ಮನುಷ್ಯ ಕಟ್ಟಿದ್ದನ್ನು ಕಾಲ ಹೇಗೆ ತಿದ್ದುತ್ತದೆ ನೋಡಿ ಎನ್ನುತ್ತಿದ್ದರು. ಜೈಲಿನ ಸರಳು ಬರೆದು ಬರೆದು ಬೇಸತ್ತ ಕೈಗೆ ಕೊನೆಗೂ ಅಂಥದೊಂದು ಸಿಕ್ಕಿತ್ತು. ಬರೀ ಗೋಡೆಯನ್ನು ಯಾರು ಬೇಕಾದರೂ ಬರೆದಾರು, ಇವರಿಗೆ ದೊಡ್ಡದನ್ನೇ ಕೊಡೋಣ ಎಂದುಕೊಂಡು, ಕಂಡದ್ದನ್ನೇ ಎಣ್ಣೆ ಬಣ್ಣದಲ್ಲಿ ಬರೆದೆ. ಅಷ್ಟು ಚೆನ್ನಾಗಿ ಎಂದೂ ಬರೆದಿರಲಿಲ್ಲ.

ಮದುವೆಯ ಬೆಳಿಗ್ಗೆ ಸುರುಳಿ ಬಿಚ್ಚಿ ತೂಗುಹಾಕಿದರು. ಬಿದ್ದ ಗೋಡೆಯ ಮುಂದೆ ಮತ್ತೊಂದು ಬಿದ್ದ ಗೋಡೆ. ಬಾಯಿ ಮುಚ್ಚಿಕೊಂಡಿರದೆ ನಾನು ಹಾಳಿನೊಳಗಿನ ಚೆಲುವಿನ ಬಗ್ಗೆ ಭಾಷಣ ಶುರುಮಾಡಿದೆ.

ರೂತಳ ಅಜ್ಜಿ ಮೆಲ್ಲಗೆ, “ಚಂದ ಐತ್ರಿ. ಆದ್ರ ಇದನ್ನ ನಾವು ದಿನಾ ನೋಡ್ತೇವ್ರಿ” ಎಂದರು.

ದಾವೀದಪ್ಪ ಬೈಯಲಿಲ್ಲ. ಪರದೆಯನ್ನು ತಿರುವಿ, ಬಿಳಿಯ ಬೆನ್ನು ಒಳಮುಖವಾಗುವಂತೆ ಕಟ್ಟಿಸಿದರು. ಬಿಸಿಲೇರಿದಂತೆ ನನ್ನ ಒಡೆದ ಕಮಾನು ಬಟ್ಟೆಯೊಳಗಿಂದ ಮಸುಕಾಗಿ ಮೂಡಿ, ಮದುಮಗಳ ತಲೆಯ ಮೇಲೆಯೇ ನಿಂತಿತು. ನಾಚಿಕೆಯಿಂದ ಕತ್ತೆತ್ತಲಾಗಲಿಲ್ಲ. ಊಟಕ್ಕೆ ಕೂತಾಗ ಒತ್ತಾಯ ಮಾಡಿ ಎರಡೆರಡು ಸಲ ಬಡಿಸಿದರು. ಬೈದಿದ್ದರೇ ಚೆನ್ನಾಗಿತ್ತು.

ಪಾಳು ಚರ್ಚಿನ ಚೆಲುವು ನೋಡಿ ಹೋಗುವವನಿಗೆ. ಅದರೊಳಗೆ ಮದುವೆಯಾಗುವವಳಿಗೆ ಗೋಡೆ ಬೇಕು. ಈಗ ಕುಂಚ ಹಿಡಿಯುವ ಮೊದಲು, ಇದರ ಮುಂದೆ ನಿಲ್ಲುವವರು ಯಾರು ಎಂದು ಕೇಳುತ್ತೇನೆ.

ಮಳೆಗಾಲ ಕಳೆದ ಮೇಲೆ, ಹೊಸ ಪರದೆ ಬರೆದುಕೊಡುತ್ತೇನೆಂದು ಹೇಳಲು ಮತ್ತೆ ಆ ಊರಿಗೆ ಹೋದೆ.

“ಬ್ಯಾಡ್ರಿ ಮಾಸ್ತರ” ಎಂದರು ದಾವೀದಪ್ಪ. “ಇಟ್ಟಂಗಿ ತರಸೇವಿ. ನಿಮ್ಮ ಪರದೆ ಸಿಮೆಂಟ್ ಚೀಲದ ಮ್ಯಾಲೆ ಹೊಚ್ಚೇವಿ. ಒಂದ್ ಹನಿ ನೀರ ಇಳದಿಲ್ಲ ನೋಡ್ರಿ.”