ಗೋಡೆ ತುಂಬ ಮಕ್ಕಳನ್ನು ಬರೆದ ಬೀರಪ್ಪ

ಧಾರವಾಡದ ಲ್ಯಾಬಿನಲ್ಲಿ ಬೀರಪ್ಪ ಮೊದಲು ಕೊಟ್ಟದ್ದು ಬಿಳಿ ಬಣ್ಣದ ಬಾಟಲಿ.

ಅವನನ್ನು ಬಯ್ಯುವುದೂ ಕಷ್ಟವೇ. ಮುನವಳ್ಳಿಯಲ್ಲಿ ಗೋಡೆ ಬರೆಯುವ ಪೇಂಟರ್ ಅವನು. ಕಲಸಿ ಉಳಿದ ಬಣ್ಣವನ್ನು ಔಷಧದ ಖಾಲಿ ಬಾಟಲಿಗಳಿಗೆ ತುಂಬಿ, ಹೆಗಲ ಚೀಲದಲ್ಲಿ ಇಟ್ಟುಕೊಂಡೇ ಊರೂರು ತಿರುಗುವವನು. ಲ್ಯಾಬಿನವರು ಕೊಟ್ಟ ಬಾಟಲಿಯೂ ಅದೇ ಅಳತೆಯದಾಗಿತ್ತು. ಒಳಗೆ ಬಾಗಿಲು ಹಾಕಿಕೊಂಡು ಮಾಡಿದ ಕೆಲಸವನ್ನು ಅಷ್ಟೊಂದು ಜನರ ಮುಂದೆ ಕೈಯಲ್ಲಿ ಹಿಡಿದು ತರುವುದು ಹೇಗೆ ಎಂದು ಅದನ್ನೂ ಚೀಲಕ್ಕೆ ಹಾಕಿಕೊಂಡ. ಕೌಂಟರಿನ ಹತ್ತಿರ ಬಂದಾಗ ಕಣ್ಣನ್ನು ಗೋಡೆಯ ಕ್ಯಾಲೆಂಡರಿನ ಮೇಲಿಟ್ಟು, ಚೀಲದಲ್ಲಿ ಕೈಯಾಡಿಸಿ, ಸಿಕ್ಕ ಬಾಟಲಿಯನ್ನು ಮುಂದೆ ದೂಡಿದ.

ಲ್ಯಾಬಿನ ಅಬ್ರಾರ ಮುಚ್ಚಳ ತೆಗೆದವನು ಮೂಗು ಹಿಂದಕ್ಕೆ ಎಳೆದುಕೊಂಡ.

"ಏನ್ರಿ ಪೇಂಟರ್ರ, ಟರ್ಪಂಟೈನ್ ವಾಸನಿ ಬರಾಕ ಹತ್ತೈತಲ್ರಿ ಇದಕ್ಕ!"

ಬಾಕಿನ ಮೇಲೆ ಕುಳಿತಿದ್ದ ಗಂಡಸರೆಲ್ಲ ಮಕ್ಕಳಾಗಲಿಲ್ಲವೆಂಬ ಅದೇ ಕಾರಣಕ್ಕೆ ಬಂದವರು. ಮುಂಜಾನೆಯಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಈಗ ಎಲ್ಲರೂ ಒಟ್ಟಿಗೆ ನಕ್ಕರು. ಬೀರಪ್ಪನೂ ನಕ್ಕ. ನಗದೆ ನಿಂತಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು.

ಸರಿಯಾದ ಬಾಟಲಿ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅಬ್ರಾರ ಅವನ ಹೆಸರು ಕರೆದ. ಈಗ ಚೇಷ್ಟೆ ಇರಲಿಲ್ಲ. "ಡಾಕ್ಟರ್ ಕರೀಲಿಕ್ಕೆ ಹತ್ಯಾರ್ರಿ. ಒಳಗ ಹೋಗ್ರಿ," ಎಂದಷ್ಟೇ ಹೇಳಿ ಬೇರೆ ಬಾಟಲಿಗೆ ಚೀಟಿ ಅಂಟಿಸತೊಡಗಿದ.

ಡಾಕ್ಟರರು ಸಾವಕಾಶದ ಮನುಷ್ಯ. ಮಕ್ಕಳಾಗುವುದಕ್ಕೆ ಬೇಕಾದ ಜೀವಕಣ ಅವನಲ್ಲಿ ಒಂದೂ ಇಲ್ಲವೆಂದು ಅರ್ಥವಾಗುವ ಹಾಗೆ ಹೇಳಿದರು. ಸಣ್ಣವನಿದ್ದಾಗ ಗದ್ದಕಟ್ಟು ಬಂದಿತ್ತೇ, ಪೆಟ್ಟು ಬಿದ್ದಿತ್ತೇ, ತಂಬಾಕು ಎಷ್ಟು ಎಂದು ಕೇಳುತ್ತ ಹೋದರು. ಎಲ್ಲದಕ್ಕೂ ಇಲ್ಲ ಇಲ್ಲ ಎನ್ನುತ್ತಿದ್ದ ಬೀರಪ್ಪನಿಗೆ, "ನೀವು ಹೊಟ್ಯಾಗಿದ್ದಾಗ ತಾಯಿ ಏನು ಕೆಲಸಾ ಮಾಡ್ತಿದ್ರು?" ಎಂದಾಗ ಉತ್ತರ ಗೊತ್ತಿರುವ ಪ್ರಶ್ನೆ ಕೊನೆಗೂ ಬಂತೆಂದು ಖುಷಿಯಾಯಿತು. ಆ ಕಥೆ ಅವನಿಗೆ ಬಾಯಿಪಾಠ.

ಅದು ಮುನವಳ್ಳಿಗೆಲ್ಲ ಬಾಯಿಪಾಠವೇ. ನವಿಲುತೀರ್ಥದ ಕಾಲುವೆಗೆ ನೀರು ಬಿಟ್ಟ ಹೊಸತು. ಎರೆಹೊಲದ ತುಂಬ ಹೊಸ ತಳಿಯ ಹತ್ತಿ. ಹತ್ತಿಗೆ ಹುಳ, ಹುಳಕ್ಕೆ ಎಣ್ಣೆ. ಬೆಳೆಗೆ ಹೊಡೆಯುವ ವಿಷವನ್ನು ನಮ್ಮ ಕಡೆ ಎಣ್ಣೆ ಎಂದೇ ಕರೆಯುತ್ತೇವೆ. ಒಗ್ಗರಣೆಗೆ ಹಾಕುವ ವಸ್ತುವಿಗೆ ಕೊಡುವ ಮರ್ಯಾದೆಯಲ್ಲಿ ಅದಕ್ಕೂ ಏನೂ ಕಡಿಮೆ ಮಾಡಿಲ್ಲ. ಬೀರಪ್ಪನ ಅಪ್ಪ ಪಂಪು ಹೊತ್ತು ಹೊಡೆಯುವವನು, ಅವ್ವ ಶಟ್ಟೆವ್ವ ಪೀಪಾಯಿಯಲ್ಲಿ ಎಣ್ಣೆ ಕಲಸಿ ಕೊಡುವವಳು. ಅಪ್ಪ ಹೋಗಿ ವರ್ಷಗಳಾದವು. ಶಟ್ಟೆವ್ವ ಮಾತ್ರ ಯಾರ ಮನೆಯ ಕಟ್ಟೆ ಸಿಕ್ಕರೂ ಕುಳಿತು ಆ ಕಥೆ ಹೇಳುತ್ತಾಳೆ.

"ಕೋಲು ಹುಡಿಕ್ಕೋತ ಯಾರು ಕುಂಡ್ರತಾರವಾ? ಬಳಿ ಮ್ಯಾಕ್ಕ ಸರಿಸಿ ಮೊಣಕೈ ಮಟಾ ಇಳಿಬಿಡೂದು, ಗರಗರ ತಿರಿವೂದು. ಹಡಿಯೂ ದಿನದ ತನಕಾ ಕಲಿಸೇನಿ. ನನ್ನ ಸೀರಿ ವಾಸನಿಗೆ ಕಟ್ಟಿ ಮ್ಯಾಲಿನ ಇರಬಿ ಸೈತ ಓಡಿ ಹೊಕ್ಕಿದ್ವು. ಅದಕ್ಕ ನೋಡು, ನನ್ನ ಮಗಾ ಒಂದಿನಾ ಜ್ವರಾ ಅಂತ ಮಲಗಿಲ್ಲ. ಹೊಟ್ಯಾಗಿದ್ದಾಗನ ಔಷಧಾ ಕಂಡ ಮಗಾ!"

ಬೀರಪ್ಪ ಇರುವೆಯ ತನಕ ಎಲ್ಲವನ್ನೂ ಹೇಳಿ ಮುಗಿಸಿದ. ಡಾಕ್ಟರರು ಪೆನ್ನು ಕೆಳಗಿಟ್ಟರು.

"ನಿಮ್ಮದು ಇದರಿಂದನ ಆಗ್ಯದ ಅಂತ ನಾ ಹೇಳೂದಿಲ್ಲ. ಯಾರಿಗೂ ಹಂಗ ಖಾತ್ರಿ ಹೇಳ್ಲಿಕ್ಕೆ ಬರೂದಿಲ್ಲ. ಆದ್ರ ಹೊರದೇಶದಾಗ ಇಲಿ ಮ್ಯಾಲೆ ನೋಡ್ಯಾರ. ಬಸರಿದ್ದಾಗ ಇಂಥಾ ಔಷಧಾ ತಾಯಿ ಮೈಗೆ ಹೋದ್ರ, ಹುಟ್ಟೂ ಗಂಡಿಗೆ ಈ ತೊಂದರಿ ಬರಬಹುದಂತ. ಕೆಲವು ಔಷಧದ್ದು ಮೊಮ್ಮಗ, ಮರಿಮಗನ ತನಕಾ ಇಳೀತದಂತ."

"ಇಲಿ ಪುಣ್ಯಾ ಮಾಡ್ಯಾವ್ರಿ," ಎಂದ ಬೀರಪ್ಪ. "ಮರಿಮಗನ ತನಕಾ ಹೋಗ್ಯಾವಲ್ರಿ ಅವು."

ಡಾಕ್ಟರರು ಕೆಳಗಿಟ್ಟ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಜಾಗ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು. ಸವದತ್ತಿ ದಾಟಿದ ಮೇಲೆ ರಸ್ತೆಯ ಬದಿಯ ಗೋಡೆಗಳೆಲ್ಲ ಅವನವೇ. ಫ್ಲೆಕ್ಸ್ ಬೋರ್ಡು ಬೈಲಹೊಂಗಲದ ತನಕ ಬಂದಿತ್ತು, ಹಳ್ಳಿಗೋಡೆಗಳಿಗೆ ಇನ್ನೂ ಬೀರಪ್ಪನೇ ಬೇಕಾಗಿತ್ತು. ಕೆಲಸ ಕೊಡುವ ಗಿರಾಕಿಗಳು ಮುಖ್ಯವಾಗಿ ಇಬ್ಬರು. ಆರೋಗ್ಯ ಇಲಾಖೆಯವರಿಗೆ ಸಣ್ಣ ಸಂಸಾರ: ಗಂಡ, ಹೆಂಡತಿ, ಒಂದು ಹುಡುಗ, ಒಂದು ಹುಡುಗಿ. ಎಣ್ಣೆ ಕಂಪನಿಯವರಿಗೆ ಹೊಟ್ಟೆ ಮೇಲಾಗಿ ಬಿದ್ದ ಹಸಿರು ಹುಳ. ಎಷ್ಟೋ ಕಡೆ ಎರಡೂ ಒಂದೇ ಗೋಡೆಯಲ್ಲಿ, ನಡುವೆ ಒಂದು ಗೆರೆ ಎಳೆದು. ಹುಳವನ್ನು ಯಾರು ಬೇಕಾದರೂ ಬರೆಯಬಹುದು. ಮಕ್ಕಳ ಮುಖ ಮಾತ್ರ ಬೀರಪ್ಪನೇ ಬರೆಯಬೇಕು ಎಂದು ಇಲಾಖೆಯವರೇ ಹೇಳುತ್ತಿದ್ದರು. ಒಂದು ಊರಿನ ಮಗುವನ್ನು ಇನ್ನೊಂದು ಊರಿನಲ್ಲಿ ಅವನು ಬರೆಯುತ್ತಿರಲಿಲ್ಲ. ಏಣಿಯ ಮೇಲೆ ಒಬ್ಬನೇ ನಿಂತು ಕೆನ್ನೆಗೆ ಗುಲಾಬಿ ತುಂಬುವಾಗ, ಕೆಳಗೆ ಯಾರೂ ಇಲ್ಲದ್ದನ್ನು ನೋಡಿಕೊಂಡು, ಆ ಮಗುವಿನೊಡನೆ ಎರಡು ಮಾತು ಆಡುತ್ತಲೂ ಇದ್ದ.

ಒಮ್ಮೆ ಸುರೇಬಾನದ ಬಸ್ ನಿಲ್ದಾಣದಲ್ಲಿ ಅವನ ಹೆಂಡತಿ ರೇಣು ಗೋಡೆಯ ಹುಡುಗನನ್ನು ಬಹಳ ಹೊತ್ತು ನೋಡಿ, "ಮೂಗು ನಿಮ್ಮಂಗ ಐತಲ್ರಿ," ಎಂದಿದ್ದಳು.

ಆ ರೇಣುವನ್ನು ತವರಿಗೆ ಕಳಿಸುವ ಮಾತು ನಡೆದಿತ್ತು. ಮದುವೆಯಾದದ್ದು ತೊಂಬತ್ತೇಳರಲ್ಲಿ, ಈಗ ಎರಡು ಸಾವಿರದ ಆರು. ಓಣಿಯಲ್ಲಿ ಬಸುರಿಗೆ ಕುಬಸ ಮಾಡುವ ದಿನ ಶಟ್ಟೆವ್ವ ಒಳ್ಳೆಯ ಸೀರೆ ಉಟ್ಟು, "ರೇಣಿ, ನೀ ರೊಟ್ಟಿ ಬಡಕೋತ ಇರು," ಎಂದು ಹೋಗುತ್ತಿದ್ದಳು. ಅವಳು ಕೆಟ್ಟವಳಲ್ಲ, ಕರೆಯದವರ ಮನೆಗೆ ಸೊಸೆಯನ್ನು ಕರೆದೊಯ್ಯುವುದು ಹೇಗೆಂದು ಅವಳಿಗೆ ತಿಳಿದಿರಲಿಲ್ಲ. ಬರುವ ಸೋಮವಾರ ತೊರಗಲ್ಲಿನಿಂದ ಶಟ್ಟೆವ್ವನ ಅಣ್ಣ ರಾಯಪ್ಪ ಬಂದು ಬೀರಪ್ಪನಿಗೆ ಎರಡನೆಯ ಹೆಣ್ಣಿನ ಮಾತು ಮುಗಿಸುವವನಿದ್ದ. ಬೇನೆ ಯಾರದೆಂದು ನೋಡೇಬಿಡೋಣವೆಂದು ಬೀರಪ್ಪ ಯಾರಿಗೂ ಹೇಳದೆ ಧಾರವಾಡಕ್ಕೆ ಹೋದದ್ದು ಇದಕ್ಕಾಗಿಯೇ. ಈಗ ಹೇಳಿದರೆ ರೇಣು ಉಳಿಯುತ್ತಾಳೆ. ಆದರೆ ಎಲ್ಲವನ್ನೂ ಹೇಳಿದರೆ ಶಟ್ಟೆವ್ವ ಎಣ್ಣೆ ಕಲಸಿದ ತನ್ನ ಕೈಗಳನ್ನು ಮತ್ತೆ ಮೊದಲಿನ ಹಾಗೆ ನೋಡಿಕೊಳ್ಳಲಾರಳು.

ಮನೆಗೆ ಬಂದಾಗ ರೇಣು ಒಲೆಯ ಮುಂದೆ ಇದ್ದಳು. ಅವ್ವ ಯಾರದೋ ಕಟ್ಟೆಯ ಮೇಲಿದ್ದಳು.

"ಎಲ್ಲಿಗೆ ಹೋಗಿದ್ರಿ?"

"ಧಾರವಾಡಕ್ಕ. ಡಾಕ್ಟರ್ ಕಡೆ. ತಕರಾರು ನಂದ ಅಂತ ರೇಣು. ನಿಂದೇನೂ ಇಲ್ಲ."

ರೇಣು ಕಟ್ಟಿಗೆಯನ್ನು ಒಲೆಯೊಳಗೆ ದೂಡಿದಳು. ಆಮೇಲೆ, "ಹಂಗಾರ ಇಷ್ಟ ವರ್ಸಾ ಸೋಮಾರ ಉಪಾಸಾ ನಾ ಯಾಕ ಮಾಡಿದೆ?" ಎಂದಳು.

"ಇನ್ನ ಮ್ಯಾಲೆ ನಾ ಮಾಡತೇನಿ."

"ನೀವೇನ ಮಾಡೂದು ಬ್ಯಾಡ," ಎಂದು ತಟ್ಟೆಗೆ ರೊಟ್ಟಿ ಹಾಕಿದಳು. ಕಣ್ಣು ಒರೆಸಿಕೊಂಡದ್ದು ಹೊಗೆಗೆ ಎಂದು ಇಬ್ಬರೂ ಒಪ್ಪಿಕೊಂಡರು. "ಎದಕ್ಕ ಹಿಂಗಾತಂತ?"

ಎಣ್ಣೆಯ ಮಾತು ಅವನ ನಾಲಿಗೆಯ ತನಕ ಬಂತು. ಇಷ್ಟು ವರ್ಷ ಅತ್ತೆಯಿಂದ ಅಂದಿಸಿಕೊಂಡವಳು ರೇಣು. ಇವತ್ತು ಆಡದಿದ್ದರೂ ಎಂದೋ ಒಂದು ದಿನ ರೊಟ್ಟಿ ಸೀದುಹೋದ ಸಿಟ್ಟಿನಲ್ಲಿ ಅವ್ವನ ಮುಂದೆ ಆಡಿಯೇ ಆಡುತ್ತಾಳೆ. ಬೀರಪ್ಪ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ.

"ಗೊತ್ತಿಲ್ಲಂತ," ಎಂದ.

ಇಬ್ಬರು ಹೆಂಗಸರ ನಡುವೆ ಕುಳಿತು ಉಣ್ಣುವ ಆ ಮನೆಯಲ್ಲಿ ಅಂದಿನಿಂದ ಬೀರಪ್ಪ ಒಬ್ಬನೇ ಆದ.

ಸೋಮವಾರ ರಾಯಪ್ಪ ಬಂದ. ಅವನ ರುಮಾಲು ಮೊದಲು ಬಾಗಿಲು ದಾಟಿತು, ದನಿ ಆಮೇಲೆ, ಮನುಷ್ಯ ಕೊನೆಗೆ. ಎಲೆಯಡಿಕೆ ತಟ್ಟೆ ಎಳೆದುಕೊಂಡು ಹುಡುಗಿಯ ಗುಣಗಾನ ಶುರು ಮಾಡುವಷ್ಟರಲ್ಲಿ ಬೀರಪ್ಪ ಎದ್ದು ನಿಂತ.

"ಮಾಮಾ, ಆ ಹುಡಗಿ ಬಂದ್ರೂ ಆಗೂದಿಲ್ಲ. ಡಾಕ್ಟರಿಗೆ ತೋರಿಸೇನಿ. ತಕರಾರು ನನ್ನೊಳಗ ಐತಿ."

"ಏ, ಹುಚ್ಚ ಅದೀಯೇನಲೇ?" ರಾಯಪ್ಪನ ಬಾಯಿಂದ ಅಡಿಕೆ ಹಾರಿತು. "ಗಂಡಸಿನಾಗ ಎಲ್ಲಿ ತಕರಾರಲೇ? ಮೀಸಿ ಹೆಂಗದಾವ ನೋಡು, ಹುರಿಗಟ್ಟಿದಂಗ!"

"ಮೀಸಿದು ಬ್ಯಾರೆ ಇಲಾಖೆ ಮಾಮಾ."

ರೇಣು ಬಾಗಿಲ ಸಂದಿಯಲ್ಲಿ ಸೆರಗು ಕಚ್ಚಿಕೊಂಡಳು. ರಾಯಪ್ಪ ತಂಗಿ ಶಟ್ಟೆವ್ವನ ಕಡೆ ನೋಡಿದ, ಅಳಿಯನ ಕಡೆ ನೋಡಿದ. ಇಂಥ ಸಂಗತಿಯನ್ನು ಗಂಡಸು ತಾನಾಗಿ ಹೇಳಿಕೊಳ್ಳುವುದನ್ನು ನಮ್ಮ ಕಡೆಯ ಹಿರಿಯರು ಕಂಡವರಲ್ಲ. ಅದಕ್ಕೆ ಹೇಗೆ ಬಯ್ಯಬೇಕೆಂಬುದೇ ಗೊತ್ತಿರಲಿಲ್ಲ. ಚಹಾ ಕುಡಿಯದೆ ಹೊರಟುಹೋದ.

ಸಂಜೆಗೆ ಊರಿಗೆಲ್ಲ ತಿಳಿಯಿತು. ಚಹಾದಂಗಡಿಯ ಬಾಕಿನ ಮೇಲೆ ಬೀರಪ್ಪನಿಗೆ ಎಲ್ಲರೂ ಸರಿದು ಜಾಗ ಬಿಟ್ಟರು. ಒಬ್ಬನಿಗೆ ಬೇಕಾದದ್ದಕ್ಕಿಂತ ಬಹಳ ದೊಡ್ಡ ಜಾಗ ಅದು. ಒಂದು ಕಪ್ಪು ಕುಡಿದು ಅವನು ಬೇಗನೆ ಮನೆಗೆ ಬಂದ.

ಶಟ್ಟೆವ್ವ ಅಂದು ಯಾರ ಕಟ್ಟೆಗೂ ಹೋಗಿರಲಿಲ್ಲ. ಅಂಗಳದಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹಸನಾದ ಜೋಳವನ್ನೇ ಮತ್ತೆ ಹಸನು ಮಾಡುತ್ತಿದ್ದಳು. ಮಗ ಪಕ್ಕದಲ್ಲಿ ಕುಳಿತ ಮೇಲೂ ತಲೆ ಎತ್ತಲಿಲ್ಲ.

"ಬೀರ್ಯಾ, ಆ ಡಾಕ್ಟರ್ ನನ್ನ ಬಗ್ಗೆ ಏನರ ಕೇಳಿದ್ನೇನೋ?"

"ಕೇಳಿದ್ರಬೇ. ಅವ್ವ ಆರಾಮ ಅದಾಳೇನು ಅಂದ್ರು. ಅದಾಳ್ರಿ ಅಂದೆ."